ಕ್ಷಮಿಸಿದ್ದೇನೆ ಎಂದವಳು

ಭಾನುವಾರ, ಮಧ್ಯಾಹ್ನ

ನನ್ನವನೇ,

ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ, ಪತ್ರ ಓದಿ ಮುಗಿಸಿದ ಮೇಲೆ ನೀನೇ ಹೇಳು.

ನಿನ್ನ ಮೂರನೆಯ ಪತ್ರ ಬಂದು ಹನ್ನೆರಡು ದಿನವಾಯಿತು. ಮೊದಲಿನ ಎರಡಕ್ಕೆ ನಾನು ಉತ್ತರ ಬರೆಯಲಿಲ್ಲ. ಪ್ರತಿ ವರ್ಷ ನಮ್ಮ ಮಗಳು ಸೂಜಿ ತೀರಿಹೋದ ವಾರದಲ್ಲೇ ನಿನ್ನ ಲಕೋಟೆ ಬರುತ್ತದೆ, ಪ್ರತಿ ವರ್ಷ ಅದರಲ್ಲಿ ಅದೇ ಕ್ಷಮೆ. ಮೂವತ್ತು ದಾಟಿದ ಮೇಲೆ ನನ್ನ ಭಾಷೆಯ ಅಕ್ಷರ ಕಲಿತವನು ನೀನು. ಒತ್ತಕ್ಷರ ಬಂದಲ್ಲೆಲ್ಲ ಈಗಲೂ ಎಡವುತ್ತೀ. 'ಕ್ಷಮಿಸು' ಎಂಬ ಒಂದು ಪದವನ್ನು ಮಾತ್ರ ತಪ್ಪಿಲ್ಲದೆ ಬರೆಯುತ್ತೀ. ಬರೆದು ಬರೆದು ಕೈ ಪಳಗಿದೆ.

ಈಗಲೂ ನಾನು ಬರೆಯುತ್ತಿರಲಿಲ್ಲವೇನೋ. ಮೊನ್ನೆ ನಿನ್ನ ತಂಗಿ ಫೋನ್ ಮಾಡಿದ್ದಳು. ಅವಳ ಮಗಳು ಶಾಲೆಯಿಂದ ಬಂದ ಕೂಡಲೇ ನೀನು ಎದುರಿಗೆ ನಿಲ್ಲಿಸಿಕೊಂಡು, ಎಲ್ಲಿ ನೋವಿದೆ ಹೇಳು, ಮುಚ್ಚಿಡಬೇಡ ಎಂದು ಕೇಳುತ್ತೀಯಂತೆ. ಇಲ್ಲ ಮಾವ ಎಂದರೆ ನಂಬುವುದಿಲ್ಲವಂತೆ. ಎಂಟು ವರ್ಷದ ಕೂಸು, ನಿನ್ನಿಂದ ಬಿಡಿಸಿಕೊಳ್ಳಲು ದಿನಕ್ಕೊಂದು ನೋವು ಕಟ್ಟಿ ಹೇಳುತ್ತಿದೆಯಂತೆ. ಒಂದು ದಿನ ಮೊಣಕಾಲು, ಇನ್ನೊಂದು ದಿನ ಕಿವಿ. "ಅತ್ತಿಗೆ, ನೀವೇ ಏನಾದ್ರೂ ಹೇಳಿ. ಇಲ್ಲಾಂದ್ರೆ ಅಣ್ಣನ್ನ ನಾನು ಮನೇಲಿ ಇಟ್ಕೊಳ್ಳೋಕಾಗಲ್ಲ. ಮಗು ಶಾಲೆಯಿಂದ ಮನೆಗೆ ಬರೋಕೇ ಹೆದರ್ತಿದೆ" ಎಂದು ಅತ್ತಳು. ನಿಮ್ಮ ಮನೆಯವರು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ನಿನ್ನನ್ನು ಬಿಟ್ಟರೆ.

ಅದಕ್ಕೇ ಕುಳಿತಿದ್ದೇನೆ. ಸಾವಕಾಶವಾಗಿ ಹೇಳುತ್ತೇನೆ, ಸಹಿಸಿಕೊ.

ನಾನು ದುಡಿಯುವ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕಿಟಕಿ ಒಡೆದು ನೀನು ಗಾಜು ಕೂರಿಸಲು ಬಂದಿದ್ದೆಯಲ್ಲ, ಆವತ್ತು ಎರಡು ಗಂಟೆ ನಾನೊಬ್ಬಳೇ ಮಾತಾಡಿದೆ. ನೀನು ಹೇಳಿದ್ದು ಒಂದೇ ಮಾತು: "ಸ್ವಲ್ಪ ಸರಿದು ನಿಲ್ಲಿ." ಬಟ್ಟೆ ಮಡಿಸುವ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ರೇಡಿಯೋಗೂ ಗೋಡೆಗೂ ಮದುವೆ ಮಾಡಿ ಎಂದರು. ಮಾಡಿಯೂ ಮಾಡಿದರು.

ನಿಮ್ಮ ಮನೆಯಲ್ಲಿ ಊಟದ ಹೊತ್ತಿಗೆ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೊದಲ ತಿಂಗಳು ಪೂರ್ತಿ, ಎಲ್ಲರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂದುಕೊಂಡಿದ್ದೆ. ನಮ್ಮ ತವರಿಗೆ ಬಂದಾಗ ನನ್ನ ಅಣ್ಣಂದಿರು ತರಕಾರಿ ಯಾರು ತರಬೇಕೆಂದು ಮಾತಾಡುವುದನ್ನು ಕೇಳಿ, ಕೊಲೆಯಾಗುತ್ತದೆ ಎಂದು ನೀನು ಬಾಗಿಲಿಗೆ ಅಡ್ಡ ನಿಂತಿದ್ದೆ! ಆಮೇಲೆ ನನ್ನಮ್ಮ ನಿನಗೆ ಎರಡೆರಡು ಸಲ ಬಡಿಸುತ್ತಿದ್ದಳು. ಹೆದರಿದ ಅಳಿಯ ಎಂದು.

ನಿನ್ನಪ್ಪ ತೀರಿಕೊಂಡ ದಿನ ನಾನು ಬಾಯಿಬಿಟ್ಟು ಅತ್ತೆ. ನಿನ್ನ ತಂಗಿ ನನ್ನ ತೋಳು ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದು, ನೀರು ಕೊಟ್ಟು, ಬಾಗಿಲು ಎಳೆದುಕೊಂಡು ಹೋದಳು. ಕೆಟ್ಟ ಮನಸ್ಸಿನಿಂದಲ್ಲ. ಒದ್ದೆ ಕೊಡೆಯನ್ನು ಮೂಲೆಗೆ ಇಡುವಂತೆ ಇಟ್ಟಳು. ಆ ಕೋಣೆಯಲ್ಲಿ ಕುಳಿತೇ ನಾನು ನಿಮ್ಮವರ ರೀತಿ ಕಲಿಯಲು ಶುರುಮಾಡಿದ್ದು ಎಂದು ಈಗ ಅನ್ನಿಸುತ್ತದೆ.

ನೀನೂ ನಮ್ಮವರ ರೀತಿ ಕಲಿತೆ. ನಿಮ್ಮ ಗಾಜಿನ ಅಂಗಡಿಯಲ್ಲಿ ಕೆಲಸದವನೊಬ್ಬನ ಅಂಗೈ ಸೀಳಿದಾಗ ಮಾಲೀಕ ಪಟ್ಟಿ ಕಟ್ಟಿ ಮತ್ತೆ ಕೆಲಸಕ್ಕೆ ನಿಲ್ಲಿಸಿದ. ನೀನು ಅವನ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿ ಬಂದೆ. ಮನೆಗೆ ಬಂದವನ ಬಾಯಲ್ಲಿ ನಗು. "ನಿಮ್ಮಣ್ಣನ ಹಾಗೆ ಕೂಗಿದೆ ಕಣೇ. ಎಷ್ಟು ಹಗುರ ಆಗುತ್ತೆ ಗೊತ್ತಾ?" ಅಂದೆ. ಆಗ ಸೂಜಿಗೆ ಐದು ವರ್ಷ. ನನ್ನಮ್ಮ ಅವಳಿಗೆ ಇಟ್ಟ ಹೆಸರು ಸೂಜಿಮೆಣಸು, ಪುಟ್ಟದಾದರೂ ಖಾರ ಎಂದು. ಮೆಣಸನ್ನು ಬಿಟ್ಟು ನಾವು ಸೂಜಿ ಉಳಿಸಿಕೊಂಡಿದ್ದೆವು. ಅವಳು ನಿನ್ನ ಹೆಗಲೇರಿ ಕುಳಿತು, ಅಪ್ಪ ಇನ್ನೊಂದ್ಸಲ ಕೂಗು ಎಂದು ಹಟ ಮಾಡಿದ್ದಳು.

ನೀನು ಕೂಗಿ ಹಗುರಾದೆ. ನಾನು ಸುಮ್ಮನಿದ್ದು ಗಟ್ಟಿಯಾದೆ. ಕೆಲಸದಲ್ಲಿ ನನ್ನನ್ನು ಮೇಲ್ವಿಚಾರಕಿ ಮಾಡಿದರು. ಈ ಹೆಂಗಸು ಎಗರಾಡುವುದಿಲ್ಲ ಎಂದರು. ತವರಿಗೆ ಹೋದರೆ ಅಕ್ಕ, "ನಿನ್ನ ನಾಲಿಗೇನ ಎಲ್ಲಿ ಅಡ ಇಟ್ಟು ಬಂದೆ?" ಎಂದು ಕೇಳುತ್ತಿದ್ದಳು. ಒಳಗೊಳಗೇ ಹೆಮ್ಮೆ ನನಗೆ.

ಈಗ ಆ ವಾರಕ್ಕೆ ಬರುತ್ತೇನೆ. ಮೇಜು ಒರೆಸಿ ಬಂದೆ, ನೀರು ಕುಡಿದು ಬಂದೆ. ಇನ್ನು ಏಳಲು ನೆಪವಿಲ್ಲ.

ಹೊರ ಊರಿನ ಕಟ್ಟಡಕ್ಕೆ ಗಾಜು ಹಾಕಲು ನೀನು ಐದು ದಿನಕ್ಕೆಂದು ಹೋಗಿದ್ದೆ. ನೀನು ಹೋದ ಮಾರನೆಯ ದಿನ ಬೆಳಗ್ಗೆ ಸೂಜಿ, "ಅಮ್ಮಾ, ಹೊಕ್ಕಳ ಹತ್ರ ನೋವು" ಎಂದಳು. ತಿಂಗಳ ನೋವಿರಬೇಕು ಎಂದುಕೊಂಡು ಬಿಸಿನೀರಿನ ಚೀಲ ಕೊಟ್ಟೆ. ಸಂಜೆ ನೋವು ಬಲಗಡೆಗೆ ಇಳಿದಿತ್ತು. ಅನ್ನ ಬೇಡ ಎಂದಳು, ಎರಡು ಸಲ ವಾಂತಿ ಮಾಡಿದಳು. ನಾನು, ಪರೀಕ್ಷೆಯ ಭಯ, ಹದಿನಾರು ವರ್ಷದವಳು ಇಷ್ಟಕ್ಕೆಲ್ಲ ಗೋಳಾಡಬಾರದು, ಸಹಿಸಿಕೊಂಡರೆ ಹೋಗುತ್ತದೆ ಎಂದೆ. ಮಾರನೆಯ ದಿನವೂ ಅದನ್ನೇ ಹೇಳಿದೆ. ಅವಳು ಮಂಡಿ ಮಡಚಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಹೇಳಲಿಲ್ಲ. ಸುಮ್ಮನಾದದ್ದನ್ನು ನಾನು ವಾಸಿಯಾಯಿತು ಎಂದು ತಿಳಿದೆ.

ಮೂರನೆಯ ದಿನ ಪರೀಕ್ಷೆಗೆ ಹೋದವಳು ಬೆಂಚಿನಿಂದ ಕೆಳಗೆ ಬಿದ್ದಳು.

ನೀನು ಸಿಕ್ಕ ಬಸ್ಸು ಹತ್ತಿ ಬರುವ ಹೊತ್ತಿಗೆ ಹೊಟ್ಟೆ ಕೊಯ್ದಾಗಿತ್ತು. ಕರುಳಿನ ತುದಿ ಒಡೆದು ಒಳಗೆಲ್ಲ ವಿಷವಾಗಿದೆ ಎಂದರು. ನೋವು ಯಾವಾಗ ಶುರುವಾಯಿತು ಎಂದು ಡಾಕ್ಟರು ಕೇಳಿದಾಗ ನಾನು, "ಇವತ್ತು ಬೆಳಗ್ಗೆ" ಎಂದಿದ್ದೆ. ಅವರು ನಂಬಲಿಲ್ಲ. ಕನಿಷ್ಠ ಎರಡು ದಿನ ಒದ್ದಾಡಿರಬೇಕು ಎಂದು ನಿನ್ನ ಮುಂದೆಯೇ ಹೇಳಿದರು. ನೀನು ನನ್ನ ಕಡೆ ತಿರುಗಿ, "ಅವಳು ನಿನಗೆ ಹೇಳಲೇ ಇಲ್ವಾ?" ಎಂದೆ.

ನಾನು ಇಲ್ಲ ಎಂದೆ.

ಇದೇ ನಾನು ಹೇಳಬೇಕಾಗಿದ್ದದ್ದು. ಅವಳು ಹೇಳಿದ್ದಳು. ಮೂರು ಸಲ ಹೇಳಿದ್ದಳು.

ಎರಡು ದಿನ ಕಳೆದು ಅವಳು ಹೋದಳು. ಅವಳ ಮೇಲೆ ಹೊದಿಸಿದ ಚಾದರ ನನ್ನ ಪಾಳಿಯಲ್ಲಿ ಒಗೆದದ್ದು; ಅಂಚಿನಲ್ಲಿ ಗುರುತಿತ್ತು. ನೀನು ವಾರ್ಡಿನ ಹೊರಗೆ ನೆಲಕ್ಕೆ ಕುಳಿತು ಎದೆ ಬಡಿದುಕೊಂಡು ಅತ್ತೆ, ಥೇಟ್ ನಮ್ಮವರ ಹಾಗೆ. ಅವಳು ನಡೆಯಲು ಕಲಿತದ್ದು, ನಿನ್ನ ಹೆಗಲೇರಿದ್ದು, ಎಲ್ಲವನ್ನೂ ಹೇಳಿ ಹೇಳಿ ಅತ್ತೆ. ನಿಮ್ಮವರು ನಾಚಿ ತಲೆ ತಗ್ಗಿಸಿದರು. ನಮ್ಮವರು ನನ್ನ ಒಣಗಣ್ಣು ನೋಡಿ, ಇವಳೆಂಥ ಹೆತ್ತವಳು ಎಂದುಕೊಂಡರು. ನಿನ್ನ ಪಕ್ಕ ಕುಳಿತು ಅತ್ತಿದ್ದರೆ ನಿಜವೂ ಹೊರಬಿದ್ದುಬಿಡುತ್ತಿತ್ತು. ಅದಕ್ಕೇ ನಿಂತೇ ಇದ್ದೆ.

ಆಮೇಲೆ ನೀನು ಹೊಸದೊಂದು ಹಿಡಿದುಕೊಂಡೆ. "ನನ್ನ ರಕ್ತ ಕಣೇ ಅದು. ಬಾಯಿ ಹೊಲಿದುಕೊಂಡು ಹುಟ್ಟೋ ರಕ್ತ. ಅದಕ್ಕೇ ಅವಳು ಹೇಳಲಿಲ್ಲ" ಎಂದು ಬೆಳಗ್ಗೆ ಎದ್ದರೆ ಅದೇ, ಊಟಕ್ಕೆ ಕುಳಿತರೆ ಅದೇ. ಪ್ರತಿ ಸಲವೂ ನಾನು ಬಾಯಿ ತೆರೆದೆ, ಪ್ರತಿ ಸಲವೂ ಮುಚ್ಚಿದೆ. ಕೊನೆಗೆ ನಿನ್ನ ದನಿ ಕೇಳಿದರೆ ಎದ್ದು ಬೇರೆ ಕೋಣೆಗೆ ಹೋಗುವ ಹಾಗಾಯಿತು. ನಾನು ನಿನ್ನನ್ನು ದೂರುತ್ತಿದ್ದೇನೆ ಎಂದು ನೀನು ತಿಳಿದೆ. ಹಾಗೆ ತಿಳಿಯಲು ನಾನು ಬಿಟ್ಟೆ.

ಹನ್ನೊಂದು ತಿಂಗಳಿಗೆ ನೀನು ಚೀಲ ಕಟ್ಟಿಕೊಂಡು ಹೊರಟೆ. ಬಾಗಿಲಲ್ಲಿ ನಿಂತು, "ನನ್ನನ್ನ ಕ್ಷಮಿಸಿದೀಯಾ?" ಎಂದು ಕೇಳಿದೆ.

ನಾನು, ಕ್ಷಮಿಸಿದ್ದೇನೆ ಎಂದೆ.

ಮೆಟ್ಟಿಲು ಇಳಿಯುವಾಗ ನೀನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಸುಳ್ಳು ಹೇಳಿದ್ದು ಒಂದು ಪಾಪವಾದರೆ, ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿ ಕಳಿಸಿದ್ದು ಅದಕ್ಕಿಂತ ದೊಡ್ಡದು. ಅದಕ್ಕೇ ನಿನ್ನ ಪತ್ರಗಳಿಗೆ ಉತ್ತರ ಬರೆಯಲಾಗಲಿಲ್ಲ.

ನಿಮ್ಮವರಿಂದ ಕಲಿತ ತಾಳ್ಮೆಯೇ ನನಗೆ ಮುಳುವಾಯಿತು. ಹಳೆಯ ನಾನಾಗಿದ್ದರೆ ಮೊದಲ ದಿನವೇ ಬೀದಿಯೆಲ್ಲ ಸೇರಿಸಿ, ಮಗಳನ್ನು ಎತ್ತಿಕೊಂಡು ಓಡುತ್ತಿದ್ದೆ. ಹಾಗೆಂದು ಮೂರು ವರ್ಷದಿಂದ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ.

ಆ ಪುಟ್ಟ ಹುಡುಗಿಯನ್ನು ಬಿಟ್ಟುಬಿಡು. ಮಾವ ಇನ್ನು ಕೇಳುವುದಿಲ್ಲ, ಆಡಲು ಹೋಗು ಎಂದು ನೀನೇ ಹೇಳು. ನಿನ್ನ ರಕ್ತದಲ್ಲಿ ಏನೂ ಇಲ್ಲ. ನಿನ್ನ ಮಗಳು ಬಾಯಿ ಇದ್ದವಳು. ಕೇಳಿಸಿಕೊಳ್ಳದವಳು ನಾನು.

ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಉತ್ತರ ಬರೆಯಬೇಕೆಂದೂ ಇಲ್ಲ. ಬಂದು ಬೈಯಬೇಕೆನ್ನಿಸಿದರೆ ಬಾ; ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಬೈ. ಬಾಗಿಲು ಹಾಕಿಕೊಳ್ಳುವುದಿಲ್ಲ.

ಇಂತಿ,
ಸೂಜಿಯ ತಾಯಿ

ಮರೆತಿದ್ದಲ್ಲ, ಬಿಟ್ಟಿದ್ದು: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ನಿಮ್ಮವರ ತಾಳ್ಮೆ ಎಂದು ಮೇಲೆ ಬರೆದದ್ದು ಸುಳ್ಳು. ಆ ವಾರ ನಿನ್ನ ಅಮ್ಮ ನಮ್ಮ ಮನೆಯಲ್ಲಿದ್ದರು. ಇಷ್ಟು ಉದ್ದ ಬರೆದರೂ ಅವರನ್ನು ಎಲ್ಲೂ ತರಲಿಲ್ಲ, ನೋಡು. ಬಂದ ದಿನವೇ ಅವರು ನನ್ನ ಕೈ ಹಿಡಿದು, "ಈಗ ನೀನು ನಮ್ಮವಳಾದೆ" ಎಂದಿದ್ದರು. ಹದಿನೆಂಟು ವರ್ಷ ಕಾದಿದ್ದ ಮಾತು. ಸೂಜಿಗೆ ನೋವು ಶುರುವಾದ ದಿನ ಸಂಜೆ ನಿನ್ನ ಫೋನ್ ಬಂದಾಗ ಅವಳು, "ಅಪ್ಪಂಗೆ ಹೇಳ್ತೀನಿ, ಕೊಡಮ್ಮಾ" ಎಂದು ಕೈ ಚಾಚಿದಳು. ನಾನು ಕೊಡಲಿಲ್ಲ. ನೀನು ಗಾಬರಿಬಿದ್ದು ಕೂಗಾಡುತ್ತೀ, ನಿನ್ನ ಅಮ್ಮನ ಮುಂದೆ ಮನೆ ಮತ್ತೆ ಸಂತೆಯಾಗುತ್ತದೆ ಎಂದು ಕೊಡಲಿಲ್ಲ. ಮಗು ಯಾಕೆ ಬಿಳುಚಿಕೊಂಡಿದೆ, ಡಾಕ್ಟರ ಹತ್ತಿರ ಹೋಗೋಣವಾ ಎಂದು ಅವರೇ ಕೇಳಿದರು. ಓದಿ ಸುಸ್ತಾಗಿದೆ ಎಂದೆ. ಎಲ್ಲ ಮುಗಿದ ಮೇಲೆ ಊರಿಗೆ ಹೊರಡುವಾಗ ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಗೊತ್ತಾಗಿತ್ತು. ಮಗ ಎದುರಿಗೇ ಕುಳಿತು ತನ್ನ ರಕ್ತವನ್ನು ಶಪಿಸಿಕೊಳ್ಳುವುದನ್ನು ಕೇಳುತ್ತಿದ್ದರೂ, ಸಾಯುವವರೆಗೂ ಅವರು ನನ್ನನ್ನು ಬಿಟ್ಟುಕೊಡಲಿಲ್ಲ.