ಬಾವಿ ದಫ್ತರ ಮತ್ತು ನನ್ನ ಏಳು ವರದಿಗಳು

೨೧೮೭, ಎರಡನೇ ಬೇಸಿಗೆಯ ಹನ್ನೊಂದನೇ ದಿನ

ನೂರ ಅರವತ್ತು ವರ್ಷ ಹಿಂದೆ ವಿಶ್ವವಿದ್ಯಾಲಯಗಳ ಗ್ರಂಥಾಲಯ ನೋಡಿಕೊಳ್ಳುತ್ತಿರುವ ನಿಮಗೆ ನಮಸ್ಕಾರ. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಹೊಸ ಪದಗಳು ಹುಟ್ಟಲೇಬೇಕಾಯಿತು.

ನಾನು ಶಾಂಭವಿ ಕಡೇಮನಿ, ಬಯಲುಸೀಮೆಯ ವಿಶ್ವವಿದ್ಯಾಲಯವೊಂದರ ಗ್ರಂಥಪಾಲಕಿ. ಇಲ್ಲಿ ಮಧ್ಯಾಹ್ನದ ನಾಲ್ಕು ತಾಸು ಯಾರೂ ಹೊರಗೆ ಕಾಲಿಡುವುದಿಲ್ಲ. ಅದನ್ನು ನೆರಳುಹೊತ್ತು ಅನ್ನುತ್ತೇವೆ. ಆಗ ವಿದ್ಯಾರ್ಥಿಗಳು, ಅಡುಗೆಯವರು, ಕಸ ಗುಡಿಸುವವರು ಎಲ್ಲರೂ ನಮ್ಮ ನೆಲಮಾಳಿಗೆಗೆ ಬಂದು ಮಲಗುತ್ತಾರೆ. ಮೇಲಿನ ಮಹಡಿಗೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಅಲ್ಲಿದ್ದದ್ದು ಬಾವಿ ದಫ್ತರ. ಸುತ್ತಲಿನ ಯಾವ ಬಾವಿಯ ನೀರು ಕುಡಿಯಬಹುದು, ಯಾವುದರಲ್ಲಿ ವಿಷವಿದೆ ಎಂದು ಹಿಂದಿನವರು ಪರೀಕ್ಷಿಸಿ ಕೈಯಲ್ಲಿ ಬರೆದಿಟ್ಟದ್ದು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

ಅದರ ಮೇಲಿನ ಛಾವಣಿ ಸೋರುತ್ತಿತ್ತು; ಕೆಳಗೆ ತಂದಿಡಲು ನೆಲಮಾಳಿಗೆಯಲ್ಲಿ ಜಾಗವಿರಲಿಲ್ಲ. ಏಳು ವರ್ಷ ವಾರ್ಷಿಕ ವರದಿಯಲ್ಲಿ ಬರೆದೆ: ‘ಸಂಗ್ರಹಾಗಾರದ ತೇವಾಂಶವು ನಿಗದಿತ ಮಾನದಂಡವನ್ನು ಮೀರಿದ್ದು, ಸೂಕ್ತ ಕ್ರಮ ಅಪೇಕ್ಷಣೀಯ.’ ಕುಲಪತಿಗಳು ವರದಿಗಳನ್ನು ಪೂರ್ತಿ ಓದುವುದಿಲ್ಲ. ಸಾರಯಂತ್ರ ಎಲ್ಲ ವಿಭಾಗಗಳದ್ದನ್ನೂ ಒಂದು ಪುಟಕ್ಕೆ ಇಳಿಸಿಕೊಡುತ್ತದೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಇಷ್ಟೇ: ‘ಗ್ರಂಥಾಲಯ: ದುರಸ್ತಿ ಬಾಕಿ.’

ಸಹಾಯಕಿ ಹುಲಿಗೆವ್ವ ಪ್ರತಿ ವರ್ಷ ಗೊಣಗುತ್ತಿದ್ದಳು, “ಅಕ್ಕಾ, ಇದೆಂಥಾ ಭಾಷಾರಿ? ಹೋಗಿ ಎದುರಿಗೆ ನಿಂತು ಹೇಳ್ರಿ.” ನಾನು ಹೋಗಲಿಲ್ಲ. ಕುಲಪತಿಗಳ ಬಾಗಿಲಲ್ಲಿ ಕಾದು ನಿಲ್ಲುವುದು ಅವಮಾನ ಅನ್ನಿಸುತ್ತಿತ್ತು. ಅಚ್ಚುಕಟ್ಟಾಗಿ ಬರೆದಿದ್ದೇನೆ, ಓದುವುದು ಅವರ ಕೆಲಸ ಅಂದುಕೊಂಡೆ.

ಹೋದ ವರ್ಷ ಕಾಲುವೆಯಲ್ಲಿ ನೀರು ನಿಂತಿತು. ಪಕ್ಕದ ಬಡಾವಣೆಯವರು ಮುಚ್ಚಿದ್ದ ಬಾವಿಗಳನ್ನು ತೆರೆಯುವ ಮೊದಲು ನಮ್ಮಲ್ಲಿಗೇ ಕೇಳಿಕೊಂಡು ಬಂದರು. ದಫ್ತರ ಬಿಚ್ಚಿದರೆ ಹಾಳೆಗಳು ಮುದ್ದೆಯಾಗಿ ಅಂಟಿಕೊಂಡಿದ್ದವು. ಶಾಯಿ ಕರಗಿ ಹೋಗಿತ್ತು. ನೀರು ಪರೀಕ್ಷಿಸುವ ಸಾಮಗ್ರಿ ನಮ್ಮ ಕಾಲದಲ್ಲಿ ಸಿಗುವುದಿಲ್ಲ. ಬಾಯಾರಿದ ಜನ ಕಾಯಲಿಲ್ಲ; ಸಿಕ್ಕ ಬಾವಿ ತೆರೆದು ಕುಡಿದರು. ಹತ್ತೊಂಬತ್ತು ಮಂದಿ ಸತ್ತರು. ಹುಲಿಗೆವ್ವಳ ತಂಗಿ ಅವರಲ್ಲೊಬ್ಬಳು.

ಕುಲಪತಿ ವಿರೂಪಣ್ಣನವರು ನನ್ನನ್ನು ಕರೆಸಿದರು. “ಮೊದಲೇ ಯಾಕ ಹೇಳಲಿಲ್ರಿ?”

“ಏಳು ಸಲ ಬರೆದೀನಿ ಸರ್.”

ಅವರು ಏಳೂ ವರದಿಗಳನ್ನು ತರಿಸಿ ನನ್ನೆದುರೇ ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, “ಇದನ್ನ ಓದಿದ್ರ ಜನಾ ಸಾಯ್ತಾರ ಅಂತ ಯಾರಿಗರೆ ತಿಳೀತದೇನ್ರಿ?”

ಅವರದು ತಪ್ಪಿಲ್ಲ ಎಂದಲ್ಲ; ಏಳು ವರ್ಷದಲ್ಲಿ ಒಮ್ಮೆಯೂ ಅವರು ಆ ಮಹಡಿ ಹತ್ತಿರಲಿಲ್ಲ. ಹತ್ತಿ ಬನ್ನಿ ಎಂದು ನಾನೂ ಕರೆದಿರಲಿಲ್ಲ.

ನೀವಿರುವ ಕಾಲದಲ್ಲಿ ನಿಮ್ಮ ಗ್ರಂಥಾಲಯದ ಕಾಗದ ಇನ್ನೂ ಒಣಗಿಯೇ ಇದೆ. ದಯವಿಟ್ಟು ನಿಮ್ಮ ಕುಲಪತಿಗಳನ್ನು ಕೈಹಿಡಿದಾದರೂ ಕರೆದುಕೊಂಡು ಹೋಗಿ ಸೋರುವ ಜಾಗ ತೋರಿಸಿ. ಯಾರಿಗೆ ಏನಾಗುತ್ತದೆ ಎಂದು ಮುಖ ನೋಡಿ ಹೇಳಿ. ಗದರಿಸಿ ಕಳಿಸಿದರೆ ಮರುದಿನ ಮತ್ತೆ ಹೋಗಿ.

ಶಾಂಭವಿ ಕಡೇಮನಿ