ಒಳ್ಳೆಯ ಹವೆಯ ದಿನ ಆಟ ಬೇಡ

ಫುಟ್‌ಬಾಲ್ ಲೀಗಿನ ಮಾನ್ಯ ಪಂದ್ಯ ನಿಯಂತ್ರಣಾಧಿಕಾರಿಗಳೇ,

ಬರುವ ಶನಿವಾರ ನಮ್ಮ ನೀಡರ್‌ಫುರೆನ್ ಮೈದಾನದಲ್ಲಿ ನಗರದ ತಂಡದೊಂದಿಗೆ ನಡೆಯಬೇಕಾದ ಪಂದ್ಯವನ್ನು ಮುಂದೂಡಿ ಎಂದು ನಮ್ಮ ಕ್ಲಬ್ಬು ನಿಮ್ಮನ್ನು ಕೇಳಿಕೊಂಡಿತ್ತು. ‘ಹವಾಮಾನ ಅತ್ಯುತ್ತಮವಾಗಿರುವ ನಿರೀಕ್ಷೆಯಿದೆ, ಆದ್ದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ’ ಎಂದು ತಾವು ಉತ್ತರ ದಯಪಾಲಿಸಿದ್ದೀರಿ. ಮಾನ್ಯರೇ, ನಮಗೆ ಭಯವಿರುವುದು ಆ ಅತ್ಯುತ್ತಮ ಹವಾಮಾನದ್ದೇ. ಖಾಸಗಿಯಾಗಿ ಹೇಳಿ ಹೇಳಿ ಬಾಯಿ ಒಣಗಿದ ಮೇಲೆ ಈಗ ಪತ್ರಿಕೆಯಲ್ಲಿ, ಎಲ್ಲರೆದುರು ಹೇಳುತ್ತಿದ್ದೇನೆ.

ನಮ್ಮಂಥ ಸಣ್ಣ ಊರಿನ ತಂಡವೊಂದು ಈ ಸಲ, ಅಂದರೆ ಎಂಬತ್ತೊಂಬತ್ತರ ಈ ವಸಂತದಲ್ಲಿ, ಮೊದಲ ಎಂಟರೊಳಗೆ ಬಂದು ಕೂತದ್ದು ನಿಮಗೆ ನುಂಗಲಾರದ ತುತ್ತಾಗಿರಬಹುದು. ಬೇಸಿಗೆಯಿಂದ ಹಿಮ ಬೀಳುವವರೆಗೆ ನಮ್ಮ ಹುಡುಗರು ಬೆವರು ಸುರಿಸಿ ಗಳಿಸಿದ ಅಂಕಗಳನ್ನು ಆ ಎಂಟು ತಂಡಗಳ ಚಾಂಪಿಯನ್‌ಷಿಪ್ ಸುತ್ತಿಗೆ ಮೊದಲು ತಾವು ಕತ್ತರಿ ಹಿಡಿದು ಅರ್ಧ ಮಾಡಿದಿರಿ. ಎಲ್ಲ ತಂಡಕ್ಕೂ ಇದೇ ನಿಯಮ ಎಂದಿರಿ, ತಲೆ ಬಾಗಿಸಿದೆವು. ಬೆಟ್ಟ ಇಳಿದು ಬರುವ ಗಾಳಿಯನ್ನೂ ಹಾಗೆಯೇ ಅರ್ಧ ಮಾಡುವ ನಿಯಮವೇನಾದರೂ ತಮ್ಮ ಬಳಿ ಇದೆಯೇ? ಇದ್ದರೆ ದಯವಿಟ್ಟು ಶುಕ್ರವಾರದೊಳಗೆ ಕಳಿಸಿಕೊಡಿ.

ಆ ಗಾಳಿಗೆ ಫೊಯ್ನ್ ಎಂದು ಹೆಸರು. ಕಿಟಕಿ ಭದ್ರವಾಗಿ ಮುಚ್ಚಿದ ಕಚೇರಿಯಲ್ಲಿರುವ ತಮಗೆ ಅದರ ಪರಿಚಯ ಇಲ್ಲದಿರಬಹುದು. ಅದು ಬೀಸುವ ದಿನ ಆಕಾಶದಲ್ಲಿ ಒಂದು ಮೋಡವಿರುವುದಿಲ್ಲ, ಕೋಟು ತೆಗೆದು ಹೆಗಲಿಗೆ ಹಾಕಿಕೊಳ್ಳುವಷ್ಟು ಬೆಚ್ಚಗಿರುತ್ತದೆ, ಮರವೆಲ್ಲ ಒಣಗಿ ಸೌದೆಯಾಗುತ್ತದೆ. ನನ್ನ ಮುತ್ತಜ್ಜನ ಕಾಲದಲ್ಲಿ ಅಂಥದೇ ಒಂದು ಸೊಗಸಾದ ದಿನ ಯಾರದೋ ಅಡುಗೆಮನೆಯ ಕಿಡಿ ಹಾರಿ, ಚರ್ಚಿನ ಗೋಡೆಗಳನ್ನು ಬಿಟ್ಟು ಇಡೀ ಊರು ಬೂದಿಯಾಯಿತು. ಅಂದಿನಿಂದ ನಮ್ಮಲ್ಲಿ ಗಾಳಿ ಕಾವಲು ಎಂಬುದಿದೆ. ಫೊಯ್ನ್ ಎದ್ದಿದೆ ಎಂದು ಸಾರುವ ಗಂಟೆ ಬಾರಿಸಿತೆಂದರೆ ಕಾವಲಿನವರು ಬೀದಿ ಬೀದಿ ಸುತ್ತಿ ಒಲೆಗಳನ್ನು ನೋಡುತ್ತಾರೆ, ಹೊರಗೆ ಯಾರೂ ಪೈಪು ಸಿಗರೇಟು ಹಚ್ಚುವಂತಿಲ್ಲ. ನಾನು ಮಾಂಸದ ಅಂಗಡಿಯವನು, ಪಂದ್ಯದ ದಿನ ಮೈದಾನದ ಬಾಗಿಲಲ್ಲಿ ಸಾಸೇಜು ಸುಟ್ಟು ಮಾರುತ್ತೇನೆ. ಗಂಟೆ ಬಾರಿಸಿದರೆ ನನ್ನ ಇದ್ದಿಲ ಒಲೆಗೂ ನೀರು. ಆ ದಿನ ಎಲ್ಲರಿಗೂ ಬ್ರೆಡ್ಡಿನ ಜೊತೆ ತಣ್ಣಗಿನ ಸಾಸೇಜೇ ಗತಿ. ನಮ್ಮೂರಿನವರು ಗೊಣಗದೆ ತಿನ್ನುತ್ತಾರೆ.

ಮಾರ್ಚಿನಲ್ಲಿ ಇದೇ ನಗರದ ತಂಡ ಇಲ್ಲಿಗೆ ಬಂದಾಗ ಫೊಯ್ನ್ ಬೀಸುತ್ತಿತ್ತು. ತಾವು ಕಳಿಸಿದ ವೀಕ್ಷಕರು ಮೈದಾನದ ಮಧ್ಯೆ ನಿಂತು ಮುಖ ಮೇಲೆತ್ತಿ ಬಿಸಿಲು ಕಾಯಿಸಿಕೊಂಡರು. ನಾನು ಹೋಗಿ, ಗಾಳಿಯ ಗಂಟೆ ಆಗಲೇ ಬಾರಿಸಿಯಾಯಿತು ಸ್ವಾಮಿ, ಗ್ಯಾಲರಿಯೆಲ್ಲ ಮರದ್ದು, ಆಟ ನಿಲ್ಲಿಸಿ ಎಂದೆ.

“ಹಿಮ ಬಿದ್ರೆ ನಿಲ್ಲಿಸ್ತೀವಿ, ಮಂಜು ಕವಿದ್ರೆ ನಿಲ್ಲಿಸ್ತೀವಿ,” ಎಂದು ಅವರು ನಕ್ಕರು. “ಇಷ್ಟು ಚೆಂದದ ದಿನ ಆಟ ನಿಲ್ಲಿಸಿದ್ರೆ ನನ್ನ ತಲೆ ಕೆಟ್ಟಿದೆ ಅಂತಾರೆ ಕಣ್ರೀ.”

ಆಮೇಲೆ ನಗರದ ಅಭಿಮಾನಿಗಳು ರೈಲಿಳಿದು ಬಂದರು. ತಣ್ಣಗಿನ ಸಾಸೇಜು ಕಂಡು ಅವರಿಗೆ ನಗುವೋ ನಗು. “ಏನ್ ಯಜಮಾನ್ರೇ, ಬೆಂಕಿ ಪೊಟ್ಣ ಮನೇಲಿ ಮರ್ತು ಬಂದ್ರಾ? ತಾಳಿ, ನಮ್ಮತ್ರ ಐತೆ!” ಎಂದ ಒಬ್ಬ. ಅದು ತಮಾಷೆ ಎಂದುಕೊಂಡೆ. ಅವರ ತಂಡ ಎರಡನೇ ಗೋಲು ಹೊಡೆದಾಗ ಆ ಗುಂಪಿನಲ್ಲಿ ಕೆಂಪಗೆ ಉರಿಯುವ ಪಟಾಕಿ ಪಂಜುಗಳು ಹೊತ್ತಿಕೊಂಡವು. ಒಂದನ್ನು ಯಾರೋ ಮೇಲಕ್ಕೆ ಎಸೆದರು. ಗಾಳಿ ಅದನ್ನು ಎತ್ತಿಕೊಂಡು ಹೋಗಿ ಗ್ಯಾಲರಿಯ ಮರದ ಚಾವಣಿಯ ಮೇಲೆ ಹಾಕಿತು.

ಆ ಚಾವಣಿಯ ಮೇಲೊಂದು ಹಲಗೆಯ ಗೂಡಿದೆ, ಅದೇ ನಮ್ಮ ಸ್ಕೋರ್ ಬೋರ್ಡ್. ಗೋಲು ಬಿದ್ದಾಗಲೆಲ್ಲ ಅಂಕಿ ಬರೆದ ತಗಡನ್ನು ಅಲ್ಲಿಂದ ತೂಗುಹಾಕುವವಳು ನನ್ನ ಹೆಂಡತಿ ರೆಗುಲಾ. ಇಳಿಯಲು ಇರುವುದು ಒಂದೇ ಒಂದು ಏಣಿ, ಅದೂ ಮರದ್ದು, ಪಂಜು ಬಿದ್ದದ್ದು ಏಣಿಗೂ ಗೂಡಿಗೂ ನಡುವೆ. ಕೆಳಗೆ ನಿಂತು ನಾನು ಅವಳ ಹೆಸರು ಹಿಡಿದು ಕೂಗಿದ್ದು ನನಗೇ ಕೇಳಿಸಲಿಲ್ಲ. ಅವಳು ಕೈಗೆ ಸಿಕ್ಕ ತಗಡು ಹಿಡಿದು ಹೊರಗೆ ಬಂದು ಉರಿಯನ್ನು ಬಡಿದೂ ಬಡಿದೂ ಆರಿಸಿದಳು. ಆ ತಗಡಿನ ಮೇಲಿದ್ದದ್ದು ಏಳು, ಈ ಮೈದಾನದಲ್ಲಿ ಇದುವರೆಗೆ ಯಾರೂ ಹೊಡೆಯದಷ್ಟು ಗೋಲು, ಎಂದು ಆಮೇಲೆ ತಿಳಿಯಿತು. ಗಾಳಿ ಆ ಗಳಿಗೆ ಸ್ವಲ್ಪ ಉಸಿರು ಹಿಡಿದಿತ್ತು. ಹಿಡಿಯದೆ ಇದ್ದಿದ್ದರೆ ಇಂದು ಈ ಪತ್ರ ಬರೆಯಲು ನನಗೆ ಕೈ ಬರುತ್ತಿರಲಿಲ್ಲ.

ಇದಕ್ಕೆ ತಮ್ಮ ಕಚೇರಿ ಏನು ಕ್ರಮ ಕೈಗೊಂಡಿತು ಗೊತ್ತೇ? ಎರಡನೇ ಗೋಲನ್ನು ಸ್ಕೋರ್ ಬೋರ್ಡಿನಲ್ಲಿ ತಡವಾಗಿ ತೋರಿಸಿದ್ದಕ್ಕೆ ನಮ್ಮ ಕ್ಲಬ್ಬಿಗೆ ಎಚ್ಚರಿಕೆ ನೀಡಿತು. ಕರ್ತವ್ಯಪ್ರಜ್ಞೆ ಅಂದರೆ ಇದು! ಗೂಡು ಹೊತ್ತಿ ಉರಿದಿದ್ದರೆ ಅಂಕಿ ಸರಿಯಾಗಿ ಕಾಣಿಸಲಿಲ್ಲ ಎಂದು ಇನ್ನೊಂದು ಎಚ್ಚರಿಕೆ ಬರುತ್ತಿತ್ತೇ?

ಶನಿವಾರ ಮತ್ತೆ ಫೊಯ್ನ್ ಎನ್ನುತ್ತಿದೆ ರೇಡಿಯೋ. ಗೆದ್ದರೆ ನಗರದ ತಂಡಕ್ಕೆ ಪ್ರಶಸ್ತಿ, ಹಾಗಾಗಿ ಎರಡು ವಿಶೇಷ ರೈಲು ಬರುತ್ತವಂತೆ. ರೆಗುಲಾಗೆ ಈ ಸಲ ಮೇಲೆ ಹತ್ತಬೇಡ ಎಂದೆ.

“ನಾನು ಹತ್ತದೆ ನಿಮ್ಮಪ್ಪ ಹತ್ತುತ್ತಾನಾ?” ಎಂದಳು. “ಇಪ್ಪತ್ತು ವರ್ಷ ನಮ್ಮೋರು ಸೋತಿದ್ದನ್ನೇ ತೂಗುಹಾಕಿದೀನಿ ಫ್ರಿಡ್ಲಿ. ದೊಡ್ಡೋರ ಜೊತೆ ಆಡೋ ವರ್ಷ ಬಂದಾಗ ಕೆಳಗೆ ಕೂತ್ಕೊಂಡು ಹೆಣಿಗೆ ಹಾಕ್ಲಾ?”

“ಬೆಂಕಿ ಬಿದ್ರೆ?”

“ಬಿದ್ರೆ ಆರಿಸ್ತೀನಿ. ಮೇಲೆ ಯಾರೂ ಇಲ್ದೆ ಬಿದ್ರೆ ಯಾರು ಆರಿಸ್ತಾರೆ ಹೇಳು. ಕೆಳಗೆ ಅಷ್ಟು ಜನ ಕೂತಿರ್ತಾರಲ್ಲ.”

ಇದಕ್ಕೆ ಉತ್ತರ ತಮ್ಮ ಬಳಿ ಇದೆಯೇ?

ನನ್ನ ಬೇಡಿಕೆ ಇಷ್ಟೇ. ನಮ್ಮ ಕಣಿವೆಯಲ್ಲಿ ಗಾಳಿಯ ಗಂಟೆ ಬಾರಿಸಿದ ದಿನ ಪಂದ್ಯ ನಡೆಯಕೂಡದು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿ, ಈ ಶನಿವಾರದಿಂದಲೇ ಜಾರಿ ಮಾಡಿ. ಪ್ರಶಸ್ತಿ ಎಲ್ಲಿಗೂ ಓಡಿಹೋಗುವುದಿಲ್ಲ. ಸೋಮವಾರ ಆಡಿ ಸೋಲುವುದಕ್ಕೂ ನಾವು ತಯಾರು.

ಇನ್ನೊಂದು ಮಾತು, ಇದು ತಮಗೂ ನಮ್ಮೂರಿನವರಿಗೂ ಸೇರಿ. ಮಾರ್ಚಿನಲ್ಲಿ ಕಾವಲಿನ ಸರದಿ ಬೇರೆಯವರದಿತ್ತು. ಈ ಶನಿವಾರ ಕೆಳಗಿನ ಕೇರಿಗೆಲ್ಲ ನನ್ನ ಸರದಿ. ಗಂಟೆ ಬಾರಿಸಿದರೆ ನಾನು ಮೈದಾನ ಬಿಟ್ಟು ಮನೆ ಮನೆಯ ಒಲೆ ನೋಡುತ್ತಾ ತಿರುಗಬೇಕು. ನನ್ನಪ್ಪ ಮಾಡಿದ್ದು ಅದನ್ನೇ, ಅವನಪ್ಪ ಮಾಡಿದ್ದೂ ಅದನ್ನೇ. ಒಂದು ಸಲವೂ ತಪ್ಪಿಸಿದವರಲ್ಲ ನಾವು. ತಾವು ಆಟ ನಿಲ್ಲಿಸದಿದ್ದರೆ ಈ ಸಲ ನಾನು ತಪ್ಪಿಸುತ್ತೇನೆ. ಏಣಿಯ ಬುಡದಲ್ಲಿ ನಿಂತಿರುತ್ತೇನೆ. ಕೆಳಗಿನ ಕೇರಿಯವರು ಇದನ್ನು ಇವತ್ತೇ ಓದಿಕೊಂಡು, ಶನಿವಾರ ತಮ್ಮ ಒಲೆಗಳನ್ನು ತಾವೇ ಕಾಯ್ದುಕೊಳ್ಳಬೇಕಾಗಿ ವಿನಂತಿ.

ಇಂತಿ,
ಶನಿವಾರದವರೆಗೆ ಗಾಳಿ ಕಾವಲಿನವನಾಗಿರುವ
ಫ್ರಿಡೋಲಿನ್ ಎಲ್ಮರ್
ನೀಡರ್‌ಫುರೆನ್