ಎಂಟನೇ ಸಾಲಿನ ಗಿಡುಗ

ಉಬ್ರಾಣಿ
೧೪-೦೨-೨೦೨೫, ಶುಕ್ರವಾರ

ಪ್ರೀತಿಯ ತಮ್ಮ ಕೆಂಚೇಶಾ,

ನಿನ್ನ ಸೊಂಟನೋವು ಹೆಂಗೈತೆ? ನ್ಯಾಮತಿ ಕಡೆ ಮರ ಕಡಿಯೋ ಕೆಲಸ ಮುಗೀತಾ? ನೀನೇ ಮಿಷನ್ ಎತ್ತಬ್ಯಾಡ, ಮೇಸ್ತ್ರಿ ಆದೋನು ನಿಂತು ಹೇಳಿದ್ರೆ ಸಾಕು. ನಾನು ಚೆನ್ನಾಗಿದೀನಿ, ಸಿಟ್ಟೊಂದು ಬಿಟ್ರೆ. ಫೋನ್ ಮಾಡಿದ್ರೆ ಆಮೇಲೆ ಮಾತಾಡ್ತೀನಕ್ಕ ಅಂತ ಇಟ್ಟುಬಿಡ್ತೀಯ. ಅದಕ್ಕೇ ಈ ಕಾಗದ, ಲಾರಿ ಓಡಿಸೋ ದುರುಗೇಶನ ಕೈಲಿ ಕಳಿಸ್ತಿದೀನಿ. ಪೂರ್ತಿ ಓದು.

ನಾನು ಕಾವಲಿರೋ ನೀಲಗಿರಿ ತೋಪಿನಾಗೆ ಗಿಡುಗ ಗೂಡು ಕಟ್ಟೈತೆ ಅಂದಿದ್ನಲ್ಲ. ನಾವು ಚಿಕ್ಕೋರಿದ್ದಾಗ ಇಲ್ಲಿ ಮತ್ತಿ, ಹೊನ್ನೆ ಇದ್ವು. ಅದನ್ನೆಲ್ಲ ಬೋಳಿಸಿ ಮಾರೋ ಮರ ನೆಟ್ರು, ಆಡು ಸೈತ ಮೂತಿ ತಿರುಗಿಸೋ ಮರ. ಹಕ್ಕಿ ಬಿಟ್ಟು ಹೋಗ್ಲಿಲ್ಲ ಕಣೋ. ಆ ನೀಲಗಿರೀದೇ ಕಡ್ಡಿ ತಂದು ಕವಲಿನಾಗೆ ಗೂಡು ಹಾಕ್ತು, ಸಾಲಿನ ನಡುವಿನ ದಾರೀಲಿ ಇಲಿ, ಓತಿಕ್ಯಾತ ಹಿಡಿಯೋದು ಕಲೀತು. ನಮ್ಮ ವ್ಯಾಪಾರಕ್ಕೆ ಇಷ್ಟು ಒಗ್ಗಿಕೊಂಡ ಜೀವಕ್ಕೆ ಇರೋದು ಒಂದೇ ಮರಿ. ಅದಕ್ಕೂ ಉಳಿಗಾಲ ಇಲ್ಲ ಅಂದ್ರೆ ಹೊಟ್ಟೆ ಉರಿಯಲ್ವೇನು?

ಸೋಮವಾರ ಈ ತೋಪು ಕಡಿಯಾಕೆ ನಿನ್ನ ತಂಡಾನೇ ಬರೋದು ಅಂತ ಗೊತ್ತಾದಾಗ, ಗೂಡಿರೋ ಮರ ಉಳಿಸೋದು ಹೆಂಗೆ ಅಂತ ನಿನ್ನನ್ನೇ ಕೇಳಿದೆ. ನೀನು ನಕ್ಕೊಂಡು, "ಅರಿಶಿಣದ ಬಟ್ಟೆ ಕಟ್ಟಕ್ಕ, ಹರಕೆ ಮರಕ್ಕೆ ನಮ್ಮೋರು ಕೈ ಹಾಕಲ್ಲ" ಅಂದೆ. ಎಂಥ ಬುದ್ಧಿ ನಿಂದು! ಕೇಳಿದ ನನ್ನ ಬುದ್ಧಿಗೂ ಮಣ್ಣು ಹಾಕ. ಹಳೇ ಲಂಗ ಹರಿದು, ಅರಿಶಿಣದಾಗೆ ಅದ್ದಿ ಆ ಮರಕ್ಕೆ ಕಟ್ಟಿದೆ. ಸೌದೆಗೆ ಬಂದ ನಲ್ಲೂರಿನ ಹೊನ್ನೂರಮ್ಮ ನೋಡಿದ್ಲು. ಮೂರೇ ದಿನಕ್ಕೆ ಆ ಮರದಾಗೆ ಗಿಡುಗದಮ್ಮ ಅನ್ನೋ ದೇವಿ ಹುಟ್ಟಿದ್ಲು. ಮಂಗಳವಾರ ಎರಡು ಟ್ರ್ಯಾಕ್ಟರ್ ಜನ, ಹಣ್ಣುಕಾಯಿ, ತಮಟೆ, ಪಟಾಕಿ. ಒಣಗಿದ ಎಲೆ ಮೇಲೆ ಕರ್ಪೂರ ಹಚ್ಚಿ ಹೊಗೆ ಎಬ್ಬಿಸಿದ್ರು, ನಾನು ಕೊಡಪಾನ ಹೊತ್ತು ಆರಿಸ್ಬೇಕಾತು. ನನ್ನ ಲಂಗದ ಚೂರನ್ನ ಕಣ್ಣಿಗೊತ್ತಿಕೊಂತಾವೆ ಮುಂಡೇವು! ತಾಯಿ ಹಕ್ಕಿ ಬೆಳಗಿಂದ ಸಂಜೆವರೆಗೂ ಮೇಲೇ ಸುತ್ತಿತು, ಗೂಡಿಗೆ ಇಳೀಲಿಲ್ಲ. ಮರಿ ಕೂಗಿ ಕೂಗಿ ಸುಮ್ಮನಾತು. ನಾನು ಬೈದ್ರೆ ಹೊನ್ನೂರಮ್ಮ ನನಗೇ, "ಅಮ್ಮನ ಮುಂದೆ ಹಂಗೆಲ್ಲ ಮಾತಾಡಬ್ಯಾಡವ್ವ" ಅಂದ್ಲು. ಅವತ್ತು ಅತ್ತುಬಿಟ್ಟೆ ಕಣೋ. ಕೆಲಸಕ್ಕೆ ಸೇರಿದ ಮೇಲೆ ತೋಪಿನಾಗೆ ಕೂತು ಅತ್ತಿದ್ದು ಅದೇ ಮೊದಲು.

ನಿನ್ನ ಹೆಂಡ್ತಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಪಾಲಿನ ಆಶೀರ್ವಾದ, ಸೋಮವಾರ ನೀನು ಏನು ಮಾಡ್ತೀಯ ನೋಡಿ ಕೊಡ್ತೀನಿ.

ನಿನ್ನ ಅಕ್ಕ,
ಕರಿಬಸಮ್ಮ

ಇನ್ನೊಂದು ಮಾತು, ದುರುಗೇಶ ಹಾರನ್ ಹೊಡೀತಿದಾನೆ. ಬುಧವಾರ ಬೆಳಿಗ್ಗೆ ಆ ಬಟ್ಟೆ ಬಿಚ್ಚಿ ಒಲೆಗೆ ಹಾಕಿದೆ. ಅಮ್ಮ ಮುನಿಸ್ಕೊಂಡು ಹೋದ್ಲು ಅಂತ ಜನ ಬರೋದು ನಿಲ್ಲಿಸಿದ್ರು. ಮಧ್ಯಾಹ್ನ ತಾಯಿ ಉಗುರಾಗೆ ಇಲಿ ಹಿಡ್ಕೊಂಡು ಗೂಡಿಗೆ ಇಳೀತು, ಮರಿ ಬದುಕೈತೆ. ಹಾರಾಕೆ ಇನ್ನೂ ಮೂರು ವಾರ ಬೇಕು. ಈಗ ಆ ಮರಕ್ಕೆ ಯಾವ ಗುರುತೂ ಇಲ್ಲ. ಎಂಟನೇ ಸಾಲು, ಕಾಲುವೆ ಕಡೆಯಿಂದ ಮೂರನೇದು. ನಿನ್ನೋರಿಗೆ ಅಡ್ಡ ನೀನು ನಿಂತ್ರೆ ಸರಿ. ಇಲ್ಲಾಂದ್ರೆ ಆ ಮರ ತಬ್ಬಿಕೊಂಡು ನಾನು ನಿಂತಿರ್ತೀನಿ, ಕಡೀರಿ ಅಂತ ನೀನೇ ಬಾಯಿಬಿಟ್ಟು ಹೇಳ್ಬೇಕು.